ಕಿರೀಟದ ಒಳಗಿನ ಹೊಲಿಗೆ

ಆ ಬೆಳಿಗ್ಗೆ ಬೆಟ್ಟಗಳ ನಡುವೆ ಒಳಚಾಚಿದ ಕಡಲತೋಳಿನ ಮೇಲೆ ಮಂಜು ದಟ್ಟವಾಗಿ ಮಲಗಿತ್ತು; ಆಚೆ ದಡದ ಹಿಮದ ಬೆಟ್ಟಗಳು ಕಾಣುತ್ತಲೇ ಇರಲಿಲ್ಲ. ಸೇಬಿನ ಹೂಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಗುಡ್ವೇಗ್ ಅಜ್ಜಿ ಮೊಮ್ಮಗಳು ಇಂಗುನ್‌ಳ ಕೈ ಹಿಡಿದುಕೊಂಡು ನಮ್ಮ ಉವಿಕ್ ಊರಿನ ಪುಟ್ಟ ಮ್ಯೂಸಿಯಂ ಮೆಟ್ಟಿಲು ಹತ್ತಿದಳು. ಮಾರನೆಯ ದಿನವೇ ಇಂಗುನ್‌ಳ ಮದುವೆ.

ದೋಣಿಯ ಹುಟ್ಟು, ಬೆಣ್ಣೆ ಕಡೆಯುವ ಮರದ ಪಾತ್ರೆ, ಯಾರದೋ ಮನೆಯ ತೊಟ್ಟಿಲು, ಎಲ್ಲವನ್ನೂ ನೆಂಟರಂತೆ ಕಣ್ಣಲ್ಲೇ ಮಾತಾಡಿಸುತ್ತ ಅಜ್ಜಿ ವಧುಕಿರೀಟದ ಗಾಜಿನ ಮುಂದೆ ಬಂದು ನಿಂತಳು. ಬೆಳ್ಳಿಗೆ ಚಿನ್ನದ ನೀರು ಕುಡಿಸಿದ ಕಿರೀಟ. ಅದು ಚರ್ಚಿನದು; ಊರಿನ ಎಂಥ ಬಡವರ ಮನೆಯ ಹುಡುಗಿಯೂ ಮದುವೆಯ ಒಂದು ದಿನ ಅದನ್ನು ತೊಟ್ಟು ದೇವರ ಮುಂದೆ ನಿಲ್ಲುತ್ತಿದ್ದಳು. ಚರ್ಚಿನವರು ಮ್ಯೂಸಿಯಂಗೆ ಒಪ್ಪಿಸಿದ ಮೇಲೆ ಆ ವಾಡಿಕೆ ನಿಂತುಹೋಗಿತ್ತು.

"ಒಂದಿನದ ಮಟ್ಟಿಗೆ ಕೊಡೋ ಟೋರ್ಕೆಲ್," ಎಂದು ಅಜ್ಜಿ ಮ್ಯೂಸಿಯಂ ನೋಡಿಕೊಳ್ಳುವವನನ್ನು ಕೇಳಿದಳು.

"ಹೇಗೆ ಕೊಡ್ಲಿ ಅಜ್ಜಿ? ಎಷ್ಟು ಸಲ ರಿಪೇರಿ ಆಗಿದೆ, ಅಲ್ಲೇ ಚೀಟೀಲಿ ಬರೆದು ಹಾಕಿದ್ದೀನಲ್ಲ."

"ರಿಪೇರಿನಾ!" ಅಜ್ಜಿ ನಕ್ಕುಬಿಟ್ಟಳು. "ತಿರುಗಿಸು ಅದನ್ನ."

ಟೋರ್ಕೆಲ್ ಬಿಳಿ ಕೈಗವಸು ತೊಟ್ಟು, ಎಳೆ ಮಗುವನ್ನೆತ್ತುವ ಹಾಗೆ ಕಿರೀಟವನ್ನೆತ್ತಿ ತಿರುಗಿಸಿದ. ಒಳಗಿನ ಅಸ್ತರಿನ ತುಂಬ ಬಣ್ಣಬಣ್ಣದ ಹೊಲಿಗೆಗಳು. ಒಂದಾದರೂ ಯಾವ ಹರುಕನ್ನೂ ಹಿಡಿದಿರಲಿಲ್ಲ. ರಿಪೇರಿ ಎಂದು ಬರೆದಿದ್ದರೂ ಅವನಿಗೂ ಅದು ಒಗಟೇ ಆಗಿತ್ತು.

"ಮದುವೆ ಮುಗಿಸಿ ವಾಪಸ್ ಕೊಡೋ ಮುಂಚೆ ಪ್ರತಿ ಹುಡುಗೀನೂ ಒಂದು ಹೊಲಿಗೆ ಹಾಕ್ಬೇಕು ಕಣೋ, ಮುಂದಿನವಳಿಗೆ ಒಳ್ಳೇದಾಗ್ಲಿ ಅಂತ. ಈ ಕೆಂಪು ನಮ್ಮಮ್ಮಂದು. ಈ ಸೊಟ್ಟ ಹಳದಿ ನಂದು. ನಗ್ಬೇಡ ಮತ್ತೆ!"

ಇಂಗುನ್ ಬಗ್ಗಿ ಹುಡುಕಿದಳು. "ಅಮ್ಮಂದು ಎಲ್ಲಜ್ಜಿ?"

"ಅವಳ ಹೊತ್ತಿಗೆ ಇದು ಗಾಜಿನೊಳಗೆ ಸೇರಿತ್ತು ಮಗಾ."

ಅವಳ ತಾಯಿ ತೀರಿಕೊಂಡು ಬಹಳ ವರ್ಷವೇನೂ ಆಗಿರಲಿಲ್ಲ. "ಹಂಗಾದ್ರೆ ನನ್ನದರ ಪಕ್ಕ ಅವಳದೂ ಒಂದು ಹಾಕ್ತೀನಿ," ಎಂದಳು ಹುಡುಗಿ.

ಟೋರ್ಕೆಲ್ ಅಸ್ತರಿನ ಸವೆದ ಎಳೆಗಳ ಮೇಲೆ ಬೆರಳಾಡಿಸಿದ. "ಕಿರೀಟ ಕೊಡ್ತೀನಿ. ಸೂಜಿ ಮಾತ್ರ ತಾಗಿಸ್ಬೇಡ. ಬಟ್ಟೆ ಹಳೇದು, ಹರಿದ್ರೆ ಎಲ್ಲರ ಹೊಲಿಗೆನೂ ಹೋಗುತ್ತೆ."

ಇಂಗುನ್ ಹೊಲಿಗೆಗಳ ಮೇಲಿಂದ ಕಣ್ಣು ತೆಗೆದಳು. "ಆಯ್ತು. ಮಾತು ಕೊಟ್ಟೆ."

"ನೀನೂ ಬಾರೋ ಮದುವೆಗೆ," ಎಂದಳು ಅಜ್ಜಿ, "ಮದುವೆ ಊಟದ ಹುಳಿಕೆನೆ ಗಂಜಿ ಹೊಟ್ಟೆ ತುಂಬ ಬಡಿಸ್ತೀವಿ. ಕುಣಿಯೋವಾಗ ಆ ಗವಸು ಬಿಚ್ಚಿಡು, ಹುಡ್ಗೀರು ಡಾಕ್ಟ್ರು ಅನ್ಕೊಂಡಾರು!"

ಮರುದಿನ ಚರ್ಚಿನಲ್ಲಿ ಇಂಗುನ್ ನಡೆದು ಬರುವಾಗ ಕಿರೀಟದ ಬೆಳ್ಳಿ ಎಲೆಗಳು ಮೆಲ್ಲಗೆ ಕಿಣಿಕಿಣಿ ಎಂದವು. ಒಂದು ಕಾಲದಲ್ಲಿ ಅದನ್ನು ತೊಟ್ಟಿದ್ದ ನಮ್ಮ ಮುದುಕಿಯರ ಕೈಗಳು, ಅವರಿಗೇ ಅರಿವಿಲ್ಲದೆ, ಒಂದೊಂದಾಗಿ ತಮ್ಮ ತಲೆಗೂದಲಿನತ್ತ ಹೋದವು. ಹಿಂದಿನ ಬೆಂಚಿನಲ್ಲಿದ್ದ ಟೋರ್ಕೆಲ್ ಅದನ್ನು ನೋಡಿದ. ಪಾದ್ರಿಯ ಪ್ರಾರ್ಥನೆಗೆ ತಲೆಬಾಗಿದವನು ಎಲ್ಲರಿಗಿಂತ ಕೊನೆಗೆ ತಲೆಯೆತ್ತಿದ.

ಸೋಮವಾರ ಇಂಗುನ್ ಕಿರೀಟವನ್ನು ಉಣ್ಣೆಶಾಲಿನಲ್ಲಿ ಸುತ್ತಿ ತಂದು ಕೊಟ್ಟಳು. ಟೋರ್ಕೆಲ್ ಒಳಗೆ ನೋಡಿದ. ಹೊಸ ಹೊಲಿಗೆ ಒಂದೂ ಇರಲಿಲ್ಲ. ಹುಡುಗಿಯ ಕಣ್ಣು ನೆಲದ ಮೇಲಿತ್ತು.

ಅವನು ಅದನ್ನು ಗಾಜಿನೊಳಗಿಡಲಿಲ್ಲ. ಮೇಜಿನ ಮೇಲೆ ಒಳಬದಿ ಕಾಣುವಂತೆ ತಿರುಗಿಸಿಟ್ಟು, ನೇಯ್ಗೆ ಗಟ್ಟಿಯಾಗಿದ್ದ ಅಂಚನ್ನು ಬೆರಳಿಂದ ತೋರಿಸಿದ.

"ಇಲ್ಲಿ ಬಟ್ಟೆ ಸೂಜಿ ತಡೆಯುತ್ತೆ. ನಿಂದು, ನಿಮ್ಮಮ್ಮಂದು, ಇಬ್ಬರದೂ," ಎಂದವನೇ, ದಾರ ಪೋಣಿಸಿಟ್ಟಿದ್ದ ಸೂಜಿಯನ್ನು ಅವಳ ಕೈಗೆ ಕೊಟ್ಟ.