ಮೇಷ್ಟ್ರ ಮುಂದೆ ಆಮೆ

ಗೇರಿಲ್ಲದ ಕಾರು ಎಂದರೆ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಅರ್ಧ ಊರಿಗೆ ಕ್ಲಚ್ಚು ಬಿಡುವುದನ್ನು ಕಲಿಸಿದ ಅವರ ಎಡಗಾಲಿಗೆ, ಮಗಳು ತಂದ ಪುಟ್ಟ ಎಲೆಕ್ಟ್ರಿಕ್ ಕಾರಿನಲ್ಲಿ ಮಾಡಲು ಕೆಲಸವೇ ಇರಲಿಲ್ಲ. ಆದರೂ ಆ ಬೆಳಿಗ್ಗೆ ಸ್ಟಿಯರಿಂಗ್ ಹಿಡಿದವರು ಅವರೇ. ಪಕ್ಕದಲ್ಲಿ ಅವರ ಹೆಂಡತಿ, ಅರವತ್ತರ ಹೊಸ್ತಿಲಲ್ಲಿದ್ದ ವಿದ್ಯಾರ್ಥಿನಿ, ಕೈಚೀಲವನ್ನು ತೊಡೆಗೆ ಒತ್ತಿಕೊಂಡು ಕೂತಿದ್ದರು. ಅಂದು ಆಕೆಯ ಲೈಸೆನ್ಸ್ ಪರೀಕ್ಷೆ. ಕಲಿಯುವವರಿಗೆ ಕೊಡುವ ಪರವಾನಗಿ ಅವತ್ತಿಗೇ ಮುಗಿಯುತ್ತಿತ್ತು. ಪರೀಕ್ಷೆ ತಪ್ಪಿದರೆ ಮತ್ತೆ ಎಲ್ಲ ಮೊದಲಿನಿಂದ.

"ಇನ್ನೊಂದ್ಸಲ ಮೊದಲಿಂದ ಅಂದ್ರೆ ನನ್ನ ಕೈಲಾಗಲ್ಲ ಕಣ್ರೀ. ನಾಳೆ ಆಗದಿದ್ರೆ ಬಿಟ್ಟೇಬಿಡ್ತೀನಿ," ಎಂದು ಆಕೆ ಹಿಂದಿನ ಸಂಜೆ ಹೇಳಿದ್ದರು.

"ಆಗದೆ ಏನು? ಯಾರ ಹೆಂಡತಿ ನೀನು?" ಎಂದಿದ್ದರು ಮೇಷ್ಟ್ರು. ಹಾಗೆಂದವರು, ಕಾರು ಸರಿಯಿದೆಯೋ ಇಲ್ಲವೋ ನೋಡುವ ನೆಪ ಮಾಡಿಕೊಂಡು, ಎಸಿ ಹಾಕಿ ಹೆದ್ದಾರಿಯಲ್ಲಿ ಭರ್ಜರಿಯಾಗಿ ಓಡಿಸಿಕೊಂಡು ಬಂದರು. ಬಂದು ಚಾರ್ಜಿಗೆ ಹಾಕಲಿಲ್ಲ. ಮುಳ್ಳು ಕೆಂಪಿಗೆ ಬಂದರೂ ರಿಸರ್ವಿನಲ್ಲಿ ಊರು ಸುತ್ತಬಹುದು ಎಂಬುದು ಪೆಟ್ರೋಲಿನ ಕಾಲದಿಂದ ಅವರು ಶಿಷ್ಯರಿಗೆ ಹೇಳಿಕೊಂಡು ಬಂದ ಮಾತು. ಪಾಪ, ಅದನ್ನು ಯಾರೂ ಕಾರಿಗೆ ಹೇಳಿರಲಿಲ್ಲ.

ಸೇತುವೆಯ ಏರು ಹತ್ತುವಾಗ ಟಿಣ್ ಎಂದು ಸದ್ದಾಯಿತು. ಸ್ಟಿಯರಿಂಗ್ ಹಿಂದಿನ ಪರದೆಯ ಮೇಲೆ ಹಳದಿ ಬಣ್ಣದ ಒಂದು ಆಮೆ ಮೂಡಿತು. ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು.

"ನೋಡೇ ಇಲ್ಲಿ. ನಿಧಾನ ಆಯ್ತಂತೆ. ನನಗೇ ಆಮೆ ಅನ್ನುತ್ತೆ ನಿನ್ನ ಮಗಳ ಕಾರು."

"ರೀ, ಅದು ಹಾಗಲ್ಲ..."

"ಸುಮ್ನಿರು, ಗಮನ ಕೆಡಿಸಬೇಡ."

ಯಾರು ಆಮೆ ಎಂದು ತೋರಿಸಿಯೇಬಿಡುವ ಹಟದಿಂದ ಮೇಷ್ಟ್ರು ಪೆಡಲನ್ನು ನೆಲಕ್ಕೆ ಮುಟ್ಟುವಂತೆ ಅದುಮಿದರು. ಕಾರು ಇನ್ನಷ್ಟು ನಿಧಾನವಾಯಿತು. ಬ್ರೆಡ್ಡಿನ ಬುಟ್ಟಿ ಕಟ್ಟಿಕೊಂಡಿದ್ದ ಸೈಕಲ್ಲಿನವನೊಬ್ಬ ಅವರನ್ನು ದಾಟಿಕೊಂಡು ಮುಂದೆ ಹೋದ. ಹಿಂದಿನಿಂದ ಬಂದ ಲಾರಿಯ ಚಾಲಕ, ಮೇಷ್ಟ್ರ ಹಳೆಯ ಶಿಷ್ಯ, ಕಿಟಕಿಯಿಂದ ತಲೆ ಹೊರಗೆ ಹಾಕಿ, "ಮೇಷ್ಟ್ರೇ, ಹ್ಯಾಂಡ್‌ಬ್ರೇಕ್ ತೆಗೆದ್ರಾ?" ಎಂದು ಬಹಳ ವಿನಯದಿಂದ ಕೇಳಿದ. ಅದು ಅವರೇ ಕಲಿಸಿದ ಮೊದಲ ಪಾಠ. ಅವನು ಮರೆಯಾದ ಮೇಲೆ ಮೇಷ್ಟ್ರು ಹ್ಯಾಂಡ್‌ಬ್ರೇಕನ್ನು ಒಮ್ಮೆ ನೋಡಿಕೊಂಡರು.

ಏರಿನ ನಡುವೆ ಕಾರನ್ನು ಅಂಚಿಗೆ ನಿಲ್ಲಿಸಿ, "ಈ ಕಾರೇ ಸರಿ ಇಲ್ಲ," ಎಂದು ಘೋಷಿಸಿದರು. ಕುಣಿಯಲಾರದವಳಿಗೆ ನೆಲ ಡೊಂಕು.

"ಕಾರು ಸರಿಯಾಗೇ ಇದೆ," ಎಂದರು ಹೆಂಡತಿ. "ಬ್ಯಾಟರಿ ಮುಗೀತಾ ಬಂದಿದೆ. ಉಳಿದಿರೋ ಚೂರನ್ನ ಜೋಪಾನ ಮಾಡೋಕೆ ಅದೇ ಶಕ್ತಿ ಕಡಿಮೆ ಮಾಡ್ಕೊಂಡಿದೆ. ಆಮೆ ಅಂದ್ರೆ ಅಷ್ಟೇ. ಬ್ಯಾಟರಿ ತುಂಬಾ ಕಾದ್ರೂ ಬರುತ್ತಂತೆ, ವಿಪರೀತ ಚಳಿಗೂ ಬರುತ್ತಂತೆ. ನೀವು ಎಷ್ಟು ಒತ್ತಿದ್ರೂ ಅದು ಹೆಚ್ಚಿಗೆ ಏನೂ ಕೊಡಲ್ಲ."

"ಇದೆಲ್ಲ ನಿನಗ್ಯಾರು ಹೇಳಿದ್ರು?"

"ಮಗಳು. ಕಾರು ತಂದ ದಿನ ನಿಮ್ಮ ಎದುರಿಗೇ ಹೇಳಿದ್ಲು. ನೀವು 'ಗೊತ್ತು ಗೊತ್ತು' ಅಂತ ಎದ್ದು ಹೋದ್ರಿ." ಆಮೇಲೆ ಗಡಿಯಾರ ನೋಡಿಕೊಂಡರು. "ಇಳೀರಿ. ನಾನು ಓಡಿಸ್ತೀನಿ."

ಶಿಷ್ಯರಿಗೆ ಏರಿನ ನಡುವೆ ಸೀಟು ಬಿಟ್ಟುಕೊಡುವುದು ಮೇಷ್ಟ್ರ ಶಾಸ್ತ್ರದಲ್ಲೇ ಇರಲಿಲ್ಲ. ಆದರೆ ಹೆಂಡತಿಯ ಕಣ್ಣಲ್ಲಿ ನೀರು ನಿಂತಿತ್ತು. ಮೇಷ್ಟ್ರಿಗೆ ನಾಚಿಕೆಯಾಯಿತು. ಸೀಟು ಬೆಲ್ಟು ಬಿಚ್ಚಿ ಇಳಿದರು.

ಆಕೆ ಎಸಿ ಆರಿಸಿ, ನಾಲ್ಕೂ ಕಡೆಯ ದೀಪಗಳನ್ನು ಮಿನುಗಿಸಿ, ಮಲಗಿದ ಮಗುವಿಗೆ ಹೊದಿಕೆ ಎಳೆಯುವಷ್ಟು ಮೆಲ್ಲಗೆ ಪೆಡಲ್ ಒತ್ತಿದರು. ಕಾರು ಹೊರಟಿತು. ಹಿಂದಿನಿಂದ ಹಾರ್ನ್ ಹೊಡೆದವರಿಗೆಲ್ಲ ಕೈಬೀಸಿ ದಾರಿ ಬಿಟ್ಟರು. ಮೇಷ್ಟ್ರು ನಾಲ್ಕಾರು ಸಲ ಏನೋ ಹೇಳಲು ಬಾಯಿ ತೆರೆದು, ಕಿಟಕಿಯಾಚೆ ನೋಡಿದರು. ಏರು ಮುಗಿದು ಇಳಿಜಾರು ಬಂದಾಗ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು.

ಮೈದಾನದಲ್ಲಿ ಪರೀಕ್ಷೆ ಮಾಡುವ ಅಧಿಕಾರಿ ಕಿಟಕಿಯೊಳಗೆ ಬಗ್ಗಿ ನೋಡಿದರು. "ಆಮೆ ಕೂರಿಸ್ಕೊಂಡು ಪರೀಕ್ಷೆ ಮಾಡೋಕಾಗಲ್ಲಮ್ಮ. ನಿಮ್ಮನ್ನ ಕೊನೆಗೆ ಕರೀತೀನಿ. ಅಷ್ಟರಲ್ಲಿ ಅದು ಹೋಗಿರಬೇಕು."

ಮೇಷ್ಟ್ರು ಕ್ಯಾಂಟೀನಿಗೆ ಓಡಿದರು. ಅಲ್ಲಿದ್ದದ್ದು ಒಂದೇ ಪ್ಲಗ್ಗು, ಅದು ಐಸ್‌ಕ್ರೀಮ್ ಪೆಟ್ಟಿಗೆಯದು. ಕ್ಯಾಂಟೀನಿನವನ ಕಾಲು ಹಿಡಿಯುವುದೊಂದು ಬಾಕಿ. ಕೊನೆಗೆ ಪೆಟ್ಟಿಗೆಯಲ್ಲಿದ್ದದ್ದನ್ನೆಲ್ಲ ತಾವೇ ಕೊಂಡು, ಸಾಲಿನಲ್ಲಿ ನಿಂತವರಿಗೆ ಹಂಚಿ, ಕಾರನ್ನು ಚಾರ್ಜಿಗೆ ಹಾಕಿದರು. ಹೆಂಡತಿಯ ಸರದಿ ಬರುವ ಹೊತ್ತಿಗೆ ಆಮೆ ಮಾಯವಾಗಿತ್ತು.

ಆಕೆ ಒಂದು ಕಂಬವನ್ನೂ ತಾಗಿಸದೆ ಮೈದಾನ ಸುತ್ತಿ ಬಂದರು. ಅಧಿಕಾರಿ ಸಹಿ ಹಾಕುತ್ತಾ, "ಪಾಠ ಅಂದ್ರೆ ಮೇಷ್ಟ್ರದ್ದೇ ಬಿಡಿ," ಎಂದರು. ಮೇಷ್ಟ್ರ ಎದೆ ಉಬ್ಬಿತು.

"ಇವರು ಊರಿಗೆಲ್ಲ ಕಲಿಸಿದ್ರು ಸರ್," ಎಂದರು ಹೆಂಡತಿ ಶಾಂತವಾಗಿ. "ನಾನು ಕೇಳಿದಾಗೆಲ್ಲ, 'ನಾನಿದ್ದೀನಲ್ಲ, ನಿನಗ್ಯಾಕೆ' ಅಂದ್ರು. ನನಗೆ ಕಲಿಸಿದ್ದು ಮಗಳು."

ಆ ಮಾತಿನಲ್ಲಿ ಸಿಟ್ಟಿದ್ದಿದ್ದರೆ ಮೇಷ್ಟ್ರು ವಾದ ಮಾಡುತ್ತಿದ್ದರು. ಇರಲಿಲ್ಲ. ಹೋಗಿ ಪಕ್ಕದ ಸೀಟಿನಲ್ಲಿ ಕೂತರು.

ಎರಡು ವ್ಯಾನುಗಳ ನಡುವಿನಿಂದ ಕಾರು ಹಿಂದಕ್ಕೆ ಸರಿಯುವಾಗ ಮೇಷ್ಟ್ರ ಬಲಗಾಲು ತಾನಾಗಿ ನೆಲವನ್ನು ಒತ್ತಿತು. ಸ್ಕೂಲಿನ ಕಾರಿನಲ್ಲಿ ಕಲಿಸುವವರಿಗೆಂದೇ ಅಲ್ಲೊಂದು ಬ್ರೇಕ್ ಇರುತ್ತದೆ. ಇಲ್ಲಿದ್ದದ್ದು ಬರೀ ಮ್ಯಾಟು.

"ರೀ, ಅಲ್ಲೇನೂ ಇಲ್ಲ."

"ಗೊತ್ತು ಕಣೇ," ಎಂದರು ಮೇಷ್ಟ್ರು. ಕಾಲನ್ನು ಹಿಂದಕ್ಕೆ ಎಳೆದುಕೊಂಡು, "ಭಯ ಆಗುತ್ತೆ," ಎಂದರು.

"ನನ್ನ ಕಾಲ ಕೆಳಗೂ ಬ್ರೇಕ್ ಇರಲಿಲ್ಲ," ಎಂದು ಆಕೆ ಕನ್ನಡಿ ನೋಡಿಕೊಂಡು ಕಾರನ್ನು ರಸ್ತೆಗಿಳಿಸಿದರು. "ಇಷ್ಟು ವರ್ಷ ನಿಮ್ಮ ಪಕ್ಕ ಕೂರಲಿಲ್ವಾ?"