ಅಲಗಿನ ಬಾಯಲ್ಲಿ ಬೆಳಕು

ಹೆಬ್ಬೆರಳು ಜಾರಿಹೋಯಿತು, ಹಿಡಿಯಲಿಲ್ಲ, ಚಾಕುವಿನ ಅಲಗಿಗೆ ಅಡ್ಡವಾಗಿ ಸವರಿದರೆ ಬೆರಳಿನ ಗೆರೆಗೆರೆಗೂ ತೊಡರಬೇಕಾದ ಹರಿತದ ಬಾಯಿ ಇವತ್ತು ಸುಮ್ಮನೆ ಜಾರಿಹೋಯಿತು, ಚಳಿ ಇರಬೇಕು, ಬೆರಳು ಮರಗಟ್ಟಿರಬೇಕು, ಅಕ್ಟೋಬರ್ ಬಂತೆಂದರೆ ಈ ಕೊಟ್ಟಿಗೆಯ ಸಿಮೆಂಟು ನೆಲದಿಂದ ಥಂಡಿ ಬೂಟಿನೊಳಕ್ಕೇ ಏರುತ್ತದೆ — ಓಸ್ಮೊ ಹೆಬ್ಬೆರಳನ್ನು ಬಾಯಲ್ಲಿಟ್ಟು ಬೆಚ್ಚಗೆ ಮಾಡಿಕೊಂಡು ಇನ್ನೊಮ್ಮೆ ಸವರಿದ, ಮತ್ತೆ ಜಾರಿತು. ಎದುರಿಗೆ ಮೂಸ್ ಹಿಂಗಾಲಿನಿಂದ ನೇತಾಡುತ್ತಿದೆ, ಎತ್ತಿಗಿಂತ ದೊಡ್ಡ ಜಿಂಕೆ, ಕರುಳು ಕಾಡಿನಲ್ಲೇ ತೆಗೆದಾಗಿದೆ, ಒಡಲಿನಿಂದ ಇನ್ನೂ ಹಬೆ ಬರುತ್ತಿದೆ, ಬೇಟೆಯ ತಂಡದವರೆಲ್ಲ ಗೋಡೆಗೆ ಒರಗಿ ಕಾಯುತ್ತಿದ್ದಾರೆ, ಯಾಕೆಂದರೆ ಮೊದಲ ಗೆರೆ ಕಮ್ಮಾರನದು, ಅವನ ಅಪ್ಪನ ಕಾಲದಿಂದಲೂ ಈ ಊರಿನ ಬೇಟೆಯಲ್ಲಿ ಹಾಗೆಯೇ, ಗುಂಡು ಯಾರದ್ದೇ ಆಗಿರಲಿ, ತೊಗಲಿಗೆ ಮೊದಲು ಚಾಕು ಇಡುವವನು ಕಮ್ಮಾರ, ಆಮೇಲಷ್ಟೇ ಉಳಿದವರು ಅವನು ಮಾಡಿಕೊಟ್ಟ ಚಾಕುಗಳನ್ನು ಒರೆಯಿಂದ ಎಳೆಯುವುದು. ಕೈನಡುಕ ಶುರುವಾದ ಮೇಲೆ ಕುಲುಮೆ ತಣ್ಣಗಾಯಿತು, ಬಂದೂಕನ್ನು ತಾನೇ ಬಿಟ್ಟುಕೊಟ್ಟ, ಉಳಿದದ್ದು ಈ ಒಂದು ಗೆರೆ, ಹಿಂಗಾಲಿನ ಒಳಬದಿಯಲ್ಲಿ ಮೊಣಕಾಲಿನಿಂದ ತೊಡೆಸಂದಿಯವರೆಗೆ ಎಳೆಯುವ ಒಂದೇ ಒಂದು ಗೆರೆ, ಅದೂ ಹೋದರೆ ಇಲ್ಲಿಗೆ ಬಂದು ಮೂಲೆಯಲ್ಲಿ ಕೂತು ಕಾಫಿ ಕುಡಿದು ಹೋಗುವ ಮುದುಕ ಅಷ್ಟೇ, ಇಡೀ ಬೇಸಿಗೆ ಇದನ್ನೇ ಯೋಚಿಸಿದ್ದ, ಆಗುತ್ತದೆ, ಒಂದು ಗೆರೆ ತಾನೆ, ಆಗುತ್ತದೆ.

ಬಲ್ಬಿನ ಕೆಳಗೆ ಅಲಗನ್ನು ತಿರುಗಿಸಿದ, ಬಲಗೈ ಕುಣಿಯದ ಹಾಗೆ ಎಡಗೈಯಿಂದ ಒತ್ತಿಹಿಡಿದು — ಹರಿತವಾದ ಬಾಯಿ ಬೆಳಕಿಗೆ ಕಾಣಿಸುವುದೇ ಇಲ್ಲ, ಬೆಳಕು ಕೂರಲು ಅಲ್ಲಿ ಜಾಗವೇ ಇರುವುದಿಲ್ಲ, ಹೊಳೆಯಿತೆಂದರೆ ಮೊಂಡಾಯಿತೆಂದೇ ಲೆಕ್ಕ, ಇಲ್ಲಿ ಹಿಡಿಯ ಬುಡದಿಂದ ತುದಿಯವರೆಗೆ ಎಲ್ಲೂ ಕಡಿಯದೆ ಬಿಳಿ ನೂಲಿನಂಥ ಹೊಳಪು. ಕೆಲಸ ಮಾಡಿ ಮೊಂಡಾದ ಚಾಕು ಹೀಗಿರುವುದಿಲ್ಲ, ಅಲಗಿನ ಉಬ್ಬು ಹೊಟ್ಟೆಯಲ್ಲಿ ಸವೆದಿರುತ್ತದೆ, ಬುಡದಲ್ಲಿ ಹರಿತ ಉಳಿದಿರುತ್ತದೆ, ಒದ್ದೆ ಒರೆಯಲ್ಲಿ ಬಿಟ್ಟು ತುಕ್ಕು ತಿಂದದ್ದಾದರೆ ಬಾಯಿ ಹಲ್ಲುಹಲ್ಲಾಗಿರುತ್ತದೆ, ಇದು ಎರಡೂ ಅಲ್ಲ, ಇದನ್ನು ಯಾರೋ ಕೂತು ಮಾಡಿದ್ದಾರೆ, ಅಲಗನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ ಕಲ್ಲನ್ನೇ ಕೊಯ್ಯುವ ಹಾಗೆ ಎಳೆದಿದ್ದಾರೆ, ಎಳೆದ ಮೇಲೆ ತೊಳೆದಿದ್ದಾರೆ, ಒಣಬಟ್ಟೆಯಿಂದ ಒರೆಸಿದ್ದಾರೆ, ಎಣ್ಣೆ ಹಚ್ಚಿದ್ದಾರೆ, ಬರ್ಚ್ ಮರದ ಹಿಡಿಗೆ ಅಗಸೆ ಎಣ್ಣೆಯನ್ನೂ ತಿಕ್ಕಿದ್ದಾರೆ, ಮೂಗಿಗೆ ಹಿಡಿದರೆ ವಾಸನೆ ಹಸಿಯಾಗಿಯೇ ಇದೆ, ಮತ್ತೆ ತುದಿಯಲ್ಲಿ ಆ ಬಿಳಿ ನೂಲು ಒಂಚೂರು ಅಗಲ, ಎಳೆಯುವ ಕೈ ಕೊನೆಗೆ ಬಂದಾಗ ಮೇಲೆದ್ದಿದೆ. ಹಿಲ್ಕ. ಮದುವೆಯಾದ ವರ್ಷ ಕುಲುಮೆಯ ಹೊಸ್ತಿಲ ಮೇಲೆ ಕೂರಿಸಿಕೊಂಡು ಹೆಂಡತಿಗೆ ಮಸೆಯುವುದನ್ನು ಕಲಿಸಿದ್ದ, ಈ ಓರೆ, ಬಾಯಿಗೆ ಇಳಿಯೋ ಈ ಇಳಿಜಾರು, ಪೂರ್ತಿ ಕಲ್ಲಿನ ಮೇಲೆ ಮಲಗ್ಬೇಕು ಮಾರಾಯ್ತಿ, ತುದಿಗೆ ಬಂದಾಗ ಮೊಣಕೈ ಎತ್ತಬೇಡ, ನಾನೆಲ್ಲಿ ಎತ್ತಿದೆ ಅಂದಳು ಅವಳು, ಎತ್ತಿದೆ ನೋಡು, ಎತ್ತಿದ್ರೆ ಎತ್ತಿದೆ, ನಿನ್ನ ಚಾಕು ನೀನೇ ಮಸ್ಕೋ ಹೋಗು — ಆವತ್ತು ಅವಳ ಕುತ್ತಿಗೆಯಲ್ಲಿ ಕುಲುಮೆಯ ಮಸಿ ಹತ್ತಿತ್ತು, ಅವಳು ಮೊಣಕೈ ಎತ್ತುವುದನ್ನು ಕೊನೆಗೂ ಬಿಡಲಿಲ್ಲ, ಅವನೂ ಹೇಳುವುದನ್ನು ಬಿಟ್ಟ. ಯಾವಾಗ ಮಾಡಿದಳು, ಅವನು ಸೌನಾಕ್ಕೆ, ಹಿತ್ತಲಿನ ಹಬೆಸ್ನಾನದ ಕೋಣೆಗೆ, ಹೋದಾಗಲೋ, ಮಾತ್ರೆ ನುಂಗಿ ಮಧ್ಯಾಹ್ನ ಮಲಗಿದಾಗಲೋ, ಅಡುಗೆಮನೆಯ ಬೆಂಚಿನ ಮೇಲೆ ಕಲ್ಲು, ಕಲ್ಲಿನ ಮೇಲೆ ನೆಟ್ಟಗೆ ನಿಂತ ಅಲಗು, ಅವಳ ಬೆರಳು.

ಏನಪ್ಪ ಕಮ್ಮಾರ, ಜಿಂಕೆ ಹತ್ರ ಒಪ್ಪಿಗೆ ಕೇಳ್ತಿದೀಯಾ, ಎಂದು ಗೋಡೆಯ ಕಡೆಯಿಂದ ಯಾರೋ ಕಾಲೆಳೆದರು, ಎಲ್ಲರೂ ನಕ್ಕರು, ಬೇಗ ನಕ್ಕರು, ಬೇಗ ನಿಲ್ಲಿಸಿದರು. ನೆರೆಮನೆಯ ರೇಯೊ ಮಾತ್ರ ನಗಲಿಲ್ಲ, ಅವನು ಬಂದು ತೊಗಲು ಬಿಗಿಯಾಗಿ ಹಿಡಿಯಲು ಎದುರಿಗೆ ನಿಂತ, ಹೋದ ವರ್ಷ ನಿಂತ ಜಾಗದಲ್ಲೇ. ಹೋದ ವರ್ಷ ಚಾಕು ಹೀಗಿರಲಿಲ್ಲ, ಹಳೆಯ ಅರವನ್ನು ಕಾಯಿಸಿ ಬಡಿದು ಮಾಡಿದ ಅಲಗು, ಹದ ಹಾಕಿದಾಗ ಅವನೇ ಖುಷಿಯಿಂದ ಹಿಲ್ಕಳನ್ನು ಕೂಗಿ ಕರೆದು ತೋರಿಸಿದ್ದ, ಸವರಿದರೆ ತೋಳು ಸದ್ದಿಲ್ಲದೆ ಬೋಳಾಗುತ್ತಿತ್ತು, ಅಂಥ ಚಾಕು ಕೈಯಲ್ಲಿದ್ದಾಗ ಕೈ ಒಮ್ಮೆ ಎಗರಿತು, ಅಷ್ಟೇ, ಒಂದು ಸಲ ಎಗರಿತು, ಅಲಗು ತೊಗಲನ್ನು ಬಿಟ್ಟು ರೇಯೊನ ಅಂಗೈಗೆ ಹೊಕ್ಕಿತು, ಮೊದಲು ರಕ್ತವೂ ಬರಲಿಲ್ಲ, ಒಳಗಿನ ನರ ಬಿಳಿಯಾಗಿ ಕಾಣಿಸಿತು. ರೇಯೊ ಕೈ ಮುಚ್ಚಿಕೊಂಡು, ನಾನೇ ಕೈ ಅಡ್ಡ ತಂದೆ ಕಣ್ರೋ, ನಂದೇ ತಪ್ಪು, ಎಂದ, ಆಸ್ಪತ್ರೆಯಲ್ಲೂ ಹಾಗೇ ಹೇಳಿದ, ಹೆಂಡತಿಯ ಹತ್ತಿರವೂ ಹಾಗೇ ಹೇಳಿದನಂತೆ, ಈಗ ಅವನ ಎರಡು ಬೆರಳು ಮಡಚುವುದಿಲ್ಲ, ಬಂದೂಕನ್ನು ಎಡಭುಜಕ್ಕೆ ಬದಲಾಯಿಸಿಕೊಂಡಿದ್ದಾನೆ, ಹೊಲದಂಚಿನ ಪೈನ್ ಬುಡದಲ್ಲಿ ನಿಂತು ಎಡಗಡೆಯಿಂದ ಗುರಿ ಹಿಡಿಯುವುದನ್ನು ಕಲಿಯುತ್ತಿದ್ದದ್ದನ್ನು ಓಸ್ಮೊ ಬೇಸಿಗೆಯಲ್ಲಿ ಕಿಟಕಿಯಿಂದ ನೋಡಿದ್ದ, ನೋಡಿ ಪರದೆ ಎಳೆದಿದ್ದ. ಅದೇ ರೇಯೊ ಇವತ್ತು ಕರೆದುಕೊಂಡು ಹೋಗಲು ಕಾರು ತಂದ, ತಂದವನು ಹೊರಡಲೇ ಇಲ್ಲ, ಬೇಟೆಯ ದಿನ ಯಾರ ಮನೆಯಲ್ಲೂ ಕೂರದ ಮನುಷ್ಯ ಹಿಲ್ಕಳ ಅಡುಗೆಮನೆಯಲ್ಲಿ ಕಾಫಿಯ ಮೇಲೆ ಕಾಫಿ ಕುಡಿದ, ಏಲಕ್ಕಿ ಬನ್ನು ತಿಂದ, ಹವಾಮಾನ ಮಾತಾಡಿದ, ಇಬ್ಬರೂ ಗಡಿಯಾರ ನೋಡುತ್ತಿದ್ದರು. ನಡಿಯೋ, ಅಲ್ಲಿ ತೊಗಲು ತಣ್ಣಗಾಗುತ್ತೆ, ತಣ್ಣಗಾದ್ರೆ ಮಾಂಸದಿಂದ ಬಿಡಲ್ಲ, ಎಂದು ಓಸ್ಮೊ ಗೊಣಗಿದ್ದಕ್ಕೆ ಹಿಲ್ಕ, ಇರು ಮುದುಕ, ಅಷ್ಟು ಅವಸರ ಮಾಡ್ಬೇಡ, ಎಂದು ಅವನ ಸೊಂಟದ ಪಟ್ಟಿಗೆ ತಾನೇ ಒರೆ ಸಿಗಿಸಿದಳು.

ಕೊಟ್ಟಿಗೆಯಲ್ಲಿ ಎಲ್ಲರೂ ಕಾಯುತ್ತಿದ್ದಾರೆ, ಏನಾದರೂ ಮಾಡಬೇಕು, ಇದು ಮೊಂಡಾಗಿದೆ ಎಂದರೆ ಇನ್ನೊಬ್ಬನ ಚಾಕು ಕೊಡುತ್ತಾರೆ, ಎಲ್ಲರ ಚಾಕೂ ತನ್ನ ಕೈಯದೇ, ಎಲ್ಲವೂ ಹರಿತ, ಆ ಹರಿತ ಮತ್ತೆ ರೇಯೊನ ಕೈ ಹತ್ತಿರ — ಅವನು ಮೊಣಕಾಲಿನ ಹತ್ತಿರ ಅಲಗಿನ ತುದಿ ಇಟ್ಟ, ಒತ್ತಿದ, ಮೊಂಡು ಚಾಕು ಒತ್ತಿದರೆ ತೊಗಲು ಒಳಕ್ಕೆ ತಗ್ಗಬೇಕು, ತಗ್ಗಲಿಲ್ಲ, ಬಿಟ್ಟುಕೊಂಡಿತು, ಅಲಗು ಕೆಳಗಿಳಿಯುತ್ತ ಹೋಯಿತು, ಕೈ ಎಡಕ್ಕೂ ಬಲಕ್ಕೂ ಕುಣಿಯುತ್ತಿತ್ತು, ಗೆರೆ ಮಾತ್ರ ನೆಟ್ಟಗೆ ತೆರೆದುಕೊಳ್ಳುತ್ತಿತ್ತು. ಗೆರೆಯ ಅಂಚಿನಲ್ಲಿ ಕತ್ತರಿಸಿದ ಕೂದಲಿನ ಚೂರು ಅಂಟಿಕೊಂಡಿದೆ, ಕಮ್ಮಾರ ಯಾವತ್ತೂ ಅಲಗಿನ ಬಾಯಿ ಮೇಲೆ ಮಾಡಿ ಒಳಗಿನಿಂದ ಕೊಯ್ಯುವವನು, ಕೂದಲು ತುಂಡಾಗಿ ಮಾಂಸಕ್ಕೆ ಬೀಳಬಾರದು, ಇದು ಅವಸರದಲ್ಲಿ ಮೇಲಿನಿಂದ ಕೊಯ್ದ ಗೆರೆ, ಇವರಲ್ಲೇ ಒಬ್ಬ ಕೊಯ್ದು, ತೊಡೆಯ ತೊಗಲನ್ನು ಮುಷ್ಟಿಯಿಂದ ಬಿಡಿಸಿ, ಮತ್ತೆ ಅಂಚಿಗೆ ಅಂಚು ಕೂಡಿಸಿ, ರಕ್ತ ಒರೆಸಿ, ಗೋಡೆಗೆ ಒರಗಿ ನಿಂತಿದ್ದಾನೆ. ಏಲಕ್ಕಿ ಬನ್ನು. ಗಡಿಯಾರ. ಇಲ್ಲಿ ಇದು ಮುಗಿಯುವವರೆಗೆ ಅಲ್ಲಿ ತಡೆದಿಟ್ಟರು, ಎಲ್ಲರಿಗೂ ಗೊತ್ತು, ಹಾಗಾದರೆ ಅವಳೇ ಇವರಿಗೆ ಹೇಳಿದ್ದಾಳೆ, ಅಥವಾ ಇವರೇ ಅವಳನ್ನು ಕೇಳಿಕೊಂಡಿದ್ದಾರೆ, ಯಾರ ಮನೆಯಲ್ಲಿ ಸೇರಿ ಮಾತಾಡಿಕೊಂಡರು, ಯಾರು ಮೊದಲು ಬಾಯಿಬಿಟ್ಟರು, ಪಾಪ ಅಂದವನು ಯಾರು — ಸಿಟ್ಟು ಬರಬೇಕಿತ್ತು, ಚಾಕು ಎಸೆದು ಹೋಗಬೇಕಿತ್ತು, ಆದರೆ ಎದುರಿಗೆ ರೇಯೊನ ಕೈ ತೊಗಲು ಹಿಡಿದಿದೆ, ಮಡಚದ ಎರಡು ಬೆರಳು ಚಾಚಿಕೊಂಡೇ ಇವೆ, ಕೈಗವಸು ಹಾಕಿಲ್ಲ, ಹೆದರಿಕೆಯಿಲ್ಲ ಅಂತ ತೋರಿಸಲು ಬರಿಗೈಯಲ್ಲಿ ಹಿಡಿದಿದ್ದಾನೆ, ಹೆದರಿಕೆ ಯಾಕಿರಬೇಕು, ಚಾಕುವಿಗೆ ಬಾಯಿಯೇ ಇಲ್ಲವಲ್ಲ. ಓಸ್ಮೊ ಗೆರೆ ಮುಗಿಸಿದ. ಈಗ್ಲೂ ಎಷ್ಟು ಚೂಪಾಗಿದೆ ನೋಡು, ಎಂದು ರೇಯೊ ಮೆಲ್ಲಗೆ ಹೇಳಿದ. ಹದ ಸರಿಯಾಗಿ ಬಿದ್ದಿತ್ತಪ್ಪ, ಎಂದು ಓಸ್ಮೊ ಹೇಳಿದ, ಧ್ವನಿ ನಡುಗಲಿಲ್ಲ, ಅದೊಂದು ಪುಣ್ಯ, ಉಳಿದವರು ಚಾಕು ಎಳೆದುಕೊಂಡು ಜಿಂಕೆಯ ಮೈಮೇಲೆ ಬಿದ್ದರು, ಅವನ ಕೈಗೆ ಒಬ್ಬರು ಕಾಫಿ ಲೋಟ ಕೊಟ್ಟರು, ಅರ್ಧ ತುಂಬಿಸಿ ಕೊಟ್ಟರು, ಚೆಲ್ಲದಿರಲಿ ಅಂತ.

ಮನೆಗೆ ಬಂದಾಗ ಹಿಲ್ಕ ಬ್ರೆಡ್ಡಿಗೆ ರೈ ಧಾನ್ಯದ ಹಿಟ್ಟು ನಾದುತ್ತಿದ್ದಳು, ಚಾಕು ಹೆಂಗೆ ಕಚ್ತು, ಎಂದಳು, ಚೆನ್ನಾಗಿ ಕಚ್ತು, ಎಂದ, ಅವಳು ತಿರುಗಿ ನೋಡದೆ ಹಿಟ್ಟನ್ನು ಇನ್ನಷ್ಟು ಗುದ್ದಿದಳು. ಕುಲುಮೆಗೆ ಹೋಗಿ ಬಾಗಿಲು ಹಾಕಿಕೊಂಡ, ಅಪ್ಪನ ಕಲ್ಲು ನೀರಿಗೆ ಹಾಕಿದ, ಬಾಯಿ ತಾನೆ, ತಂದರೆ ಬರುತ್ತದೆ, ಉಕ್ಕು ಅದೇ ಉಕ್ಕು, ಓರೆಯನ್ನು ಕಲ್ಲಿನ ಮೇಲೆ ಮಲಗಿಸಿದ, ಎಳೆದ, ಕೈ ಎಗರಿತು, ಅಲಗು ಕಲ್ಲಿನ ಮೇಲೆ ಟಕಟಕ ಬಡಿಯಿತು, ಇನ್ನೊಮ್ಮೆ ಮಲಗಿಸಿದ, ಇನ್ನೊಮ್ಮೆ ಬಡಿಯಿತು, ಮೊಣಕಾಲಿಗೆ ಒತ್ತಿಕೊಂಡು ನೋಡಿದ, ಎರಡೂ ಕೈಯಲ್ಲಿ ನೋಡಿದ, ಓರೆಯ ತುಂಬ ಗೀರು ಬಿದ್ದವು, ಅಷ್ಟು ಚಂದದ ಓರೆ, ಅಲ್ಲೇ ಕೂತು ಸ್ವಲ್ಪ ಹೊತ್ತು ಅತ್ತ. ಈ ಊರಿನ ಅರ್ಧ ಚಾಕುಗಳಿಗೆ ಬಾಯಿ ಕೊಟ್ಟವನು, ಈಗ ತನ್ನದಕ್ಕೆ ಬಾಯಿ ತರುವುದಾದರೆ ಅವಳೇ ತರಬೇಕು, ಅವಳು ಮನಸ್ಸು ಮಾಡಿದರೆ ಮಾತ್ರ, ಕೇಳಿದರೆ ಇಲ್ಲವೆನ್ನಲಾರಳು, ಕೇಳಿಯೇಬಿಡುವುದು — ಅಡುಗೆಮನೆಗೆ ಬಂದು ಹಿಡಿಯನ್ನು ಅವಳ ಕಡೆ ಮಾಡಿ ಚಾಕು ಚಾಚಿದ, ನಾಳೆ ಇನ್ನೊಂದು ಹೊಡೀತಾರಂತೆ, ಇದು ಒಂಚೂರು ಮಂದ ಆಗಿದೆ ಹಿಲ್ಕ, ಕಲ್ಲಿಗೆ ಎಳ್ದು ಕೊಡ್ತೀಯಾ. ಅವಳು ಹಿಟ್ಟಿನ ಕೈಯನ್ನು ಒರೆಸಿಕೊಂಡಳು, ಓರೆಯ ಮೇಲಿನ ಗೀರುಗಳನ್ನು ನೋಡಿದಳು, ಅವನ ಮುಖ ನೋಡಲಿಲ್ಲ, ಕೊಡು, ನೀನು ಸೌನಾಕ್ಕೆ ಹೋಗು, ನೀರು ಕಾದಿದೆ, ಎಂದಳು.

ಹೋಗಲಿಲ್ಲ, ಬಾಗಿಲಾಚೆ ಕತ್ತಲಲ್ಲಿ ಬೂಟು ಬಿಚ್ಚುತ್ತ ಕೂತ, ಬಾಗಿಲು ಒಂದು ಬೆರಳಷ್ಟು ತೆರೆದಿದೆ, ಸದ್ದು ಶುರುವಾಯಿತು, ಅದೇ ಸದ್ದು, ಸುಂಯ್ ಎಂದು ಉದ್ದಕ್ಕೆ, ಓರೆ ಪೂರ್ತಿ ಮಲಗಿದರೆ ಮಾತ್ರ ಬರುವ ಸದ್ದು, ತಿರುಗಿಸಿ ಇನ್ನೊಂದು ಬದಿ, ಮಸೆಯುತ್ತಿದ್ದಾಳೆ, ನಿಜವಾಗಿಯೂ ಮಸೆಯುತ್ತಿದ್ದಾಳೆ, ತುದಿಗೆ ಬಂದಾಗ ಮೊಣಕೈಯನ್ನೂ ಎತ್ತುತ್ತಿಲ್ಲ, ಅವನಿಗೆ ಎದ್ದು ಹೋಗಿ ಆ ಮೊಣಕೈ ಹಿಡಿದುಕೊಳ್ಳಬೇಕೆನಿಸಿತು, ಗೀರುಗಳೆಲ್ಲ ಹೋಗುತ್ತವೆ, ನಾಳೆ ಬೆಳಗ್ಗೆ ಹೆಬ್ಬೆರಳಿಗೆ ತೊಡರುತ್ತದೆ, ತೊಡರಲೇಬೇಕು. ಸದ್ದು ನಿಂತಿತು. ಅವಳು ಅಲಗನ್ನು ದೀಪಕ್ಕೆ ಹಿಡಿದಳು, ಬಾಯಿ ಎಲ್ಲಿದೆಯೆಂದೇ ಕಾಣಿಸಲಿಲ್ಲ, ಅಷ್ಟು ಹರಿತ, ಅವಳು ನೋಡುತ್ತಲೇ ನಿಂತಳು, ಎಷ್ಟೋ ಹೊತ್ತು, ತನ್ನ ಹೆಬ್ಬೆರಳಿನಿಂದ ಬಾಯನ್ನು ಒಮ್ಮೆ ಸವರಿ ನೋಡಿದಳು, ಆಮೇಲೆ ಕಣ್ಣು ಒರೆಸಿಕೊಂಡು ಕಲ್ಲನ್ನು ಹತ್ತಿರ ಎಳೆದುಕೊಂಡಳು, ಬೇಡ, ಬೇಡ ಕಣೇ, ಅವನು ಬಿಚ್ಚಿದ ಬೂಟನ್ನು ಎದೆಗೆ ಒತ್ತಿಕೊಂಡ, ಅವಳ ಮೊಣಕೈ ಮೇಲೆದ್ದಿತು, ಕಲ್ಲಿನ ಮೇಲೆ ಅಲಗು, ನೆಟ್ಟಗೆ, ನೆಟ್ಟಗೆ ನಿಂತ ಅಲಗು