ಮೂಗಣ್ಣ ಮತ್ತು ಖಾಲಿ ಡಬ್ಬಿ

ನಮ್ಮಣ್ಣನಿಗೆ ಊರಿಟ್ಟ ಹೆಸರು ಮೂಗಣ್ಣ. ಹಾಲಿನ ಡೇರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಅವನದು ಒಂದೇ ಕೆಲಸ. ಕ್ಯಾನು ಬಂದ ಕೂಡಲೇ ಮುಚ್ಚಳ ಎತ್ತಿ, ಅದರ ಒಳಬದಿಯನ್ನು ಮೂಗಿಗೆ ಹಿಡಿದು, "ಹ್ಞೂಂ, ಸುರಿ" ಅಥವಾ "ಇದು ಬೇಡ, ವಾಪಸ್" ಎನ್ನುವುದು. ನಾನು ಅಲ್ಲೇ ಕ್ಯಾನು ತೊಳೆಯುವವಳು. ಮುಚ್ಚಳದಲ್ಲಿ ಸೋಪಿನ ವಾಸನೆ ಒಂಚೂರು ಉಳಿದರೂ ತಂದು ನನ್ನ ಮುಂದೆ ಕುಕ್ಕುತ್ತಿದ್ದ. ತಂಗಿ ಎಂಬ ಮುಲಾಜೇ ಇರಲಿಲ್ಲ.

ಅಂಥವನು ಬರಬರುತ್ತಾ ಬಯ್ಯುವುದನ್ನೇ ನಿಲ್ಲಿಸಿದ. ನಾನು ಕೆಲಸ ಕಲಿತೆ ಎಂದು ಬೀಗಿದೆ. ನನ್ನ ಪೆದ್ದುತನ! ಮನೆಯಲ್ಲಿ ಏನು ಬಡಿಸಿದರೂ "ಸಪ್ಪೆ" ಎಂದು ಉಪ್ಪು ಸುರಿದುಕೊಳ್ಳುತ್ತಿದ್ದ. ತನ್ನ ಕೈರುಚಿಯೇ ಹೋಯಿತೆಂದು ಅತ್ತಿಗೆ ಮರೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಹುಳಿ ಹತ್ತಿದ ಕ್ಯಾನಿಗೂ "ಹ್ಞೂಂ, ಸುರಿ" ಎಂದುಬಿಟ್ಟ. ಇಡೀ ಟ್ಯಾಂಕಿನ ಹಾಲು ಕೆಟ್ಟು ಚರಂಡಿ ಪಾಲಾಯಿತು. ಮ್ಯಾನೇಜರ್ ಕೂಗಾಡಲಿಲ್ಲ.

"ನಾಲ್ಕು ತಿಂಗಳು ಲೋಡಿಂಗ್ ಮಾಡು. ಅಷ್ಟರಲ್ಲಿ ಮೂಗು ಸರಿಹೋಗ್ಲಿಲ್ಲ ಅಂದ್ರೆ ಮುಚ್ಚಳದ ಕೆಲಸ ಬೇರೆಯವರಿಗೆ," ಎಂದರು.

ಅಣ್ಣ ತಲೆ ತಗ್ಗಿಸಿಕೊಂಡು ಹೋಗಿ ಲಾರಿಗೆ ಕ್ಯಾನು ಏರಿಸಿದ.

ಭಾನುವಾರ ಪಕ್ಕದ ಬೀದಿಯ ನರ್ಸಮ್ಮನನ್ನು ನಾನೇ ಕರೆತಂದೆ.

"ಬರೀ ನೆಗಡಿ ಬಿಡಿ ನರ್ಸಮ್ಮ," ಅಂದ ಅಣ್ಣ.

"ಎಷ್ಟು ದಿನದ್ದು?"

"ಒಂದು... ಒಂದೂವರೆ ವರ್ಷದ್ದು."

"ಅಷ್ಟು ದಿನ ನೆಗಡಿ ಇದ್ರೆ ಮೂಗೇ ಕೈಗೆ ಬರ್ತಿತ್ತು! ದಿನಾ ಎಷ್ಟು ಕುಡೀತೀರಣ್ಣ?"

"ಅದಕ್ಕೂ ಇದಕ್ಕೂ ಏನ್ ಸಂಬಂಧ? ಡ್ಯೂಟಿ ಟೈಮಲ್ಲಿ ಒಂದು ಹನಿ ಮುಟ್ಟಿದವನಲ್ಲ ನಾನು. ಏನಿದ್ರೂ ಸಂಜೆ ಮಾತ್ರ."

"ನೀವು ಡ್ಯೂಟಿ ಮುಗಿಸಿ ಕುಡೀತೀರಿ ಸರಿ. ಒಳಗೆ ಹೋದದ್ದು ಡ್ಯೂಟಿ ಮುಗೀತು ಅಂತ ಸುಮ್ಮನಿರುತ್ತಾ?"

ನರ್ಸಮ್ಮ ಅವನ ಕಣ್ಣಿಗೆ ಟವೆಲ್ ಕಟ್ಟಿಸಿ, ಅಡುಗೆಮನೆಯಿಂದ ಒಂದು ಡಬ್ಬಿ ತರಿಸಿ, ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದರು. ಅಣ್ಣ ಎರಡು ಸಲ ಜೋರಾಗಿ ಉಸಿರೆಳೆದುಕೊಂಡ.

"ಖಾಲಿ ಡಬ್ಬಿ ಹಿಡಿದು ಆಟ ಆಡಿಸ್ತಿದೀರಾ?"

ಟವೆಲ್ ಬಿಚ್ಚಿದ. ಡಬ್ಬಿ ತುಂಬ ಕಾಫಿಪುಡಿ. ಇಡೀ ಕೋಣೆ ಘಮಘಮ ಅನ್ನುತ್ತಿತ್ತು, ಅವನೊಬ್ಬನಿಗೆ ಬಿಟ್ಟು.

ಆಗ ಅತ್ತಿಗೆ ಬಾಯಿಬಿಟ್ಟರು. "ಮೊನ್ನೆ ಗ್ಯಾಸ್ ಸೋರ್ತಿತ್ತು ನರ್ಸಮ್ಮ. ಇವರು ಒಲೆ ಪಕ್ಕದಲ್ಲೇ ಕೂತಿದ್ರು, ಗೊತ್ತೇ ಆಗ್ಲಿಲ್ಲ. ನಾನು ಬರೋದು ಸ್ವಲ್ಪ ತಡ ಆಗಿದ್ರೆ..."

ಅಣ್ಣನ ಜಂಬ ಅಲ್ಲಿಗೆ ಇಳಿಯಿತು. "ಕುಡಿತದಿಂದ್ಲೇ ಹೀಗಾಗುತ್ತಾ?" ಎಂದು ಮೆಲ್ಲಗೆ ಕೇಳಿದ.

"ಬೇರೆ ಕಾರಣನೂ ಇರಬಹುದು, ಅದಕ್ಕೇ ಡಾಕ್ಟರಿಗೆ ತೋರಿಸಬೇಕು. ಆದ್ರೆ ವರ್ಷಗಟ್ಟಲೆ ಜಾಸ್ತಿ ಕುಡಿದ್ರೆ ವಾಸನೆ ಗುರುತಿಸೋ ಮೆದುಳಿನ ಭಾಗಕ್ಕೇ ಏಟು ಬೀಳುತ್ತೆ. ಊಟದ ರುಚಿ ಅಂತೀವಲ್ಲ, ಅದರಲ್ಲಿ ಹೆಚ್ಚಿನ ಪಾಲು ಮೂಗಿನದೇ. ಮೂಗು ಸೋತ್ರೆ ನಾಲಿಗೆಗೂ ಎಲ್ಲಾ ಸಪ್ಪೆ."

"ಹಾಗಾದ್ರೆ ನನ್ನ ಅಡುಗೆ ಕೆಟ್ಟಿರ್ಲಿಲ್ವಾ?" ಅತ್ತಿಗೆಯ ಮುಖ ಅರಳಿತು.

"ಬಿಟ್ರೆ ಮೂಗು ವಾಪಸ್ ಬರುತ್ತಾ?" ಅಣ್ಣ ಕೇಳಿದ.

"ಎಷ್ಟೋ ಜನಕ್ಕೆ ಸುಧಾರಿಸುತ್ತೆ. ಕೆಲವರಿಗೆ ಪೂರ್ತಿ ಬರಲ್ಲ, ಸುಳ್ಳು ಹೇಳಲ್ಲ. ಕುಡೀತಾ ಹೋದ್ರೆ ಇರೋದೂ ಹೋಗುತ್ತೆ. ಆದ್ರೆ ದಿನಾ ಕುಡಿಯೋರು ನೀವು, ಒಬ್ಬರೇ ದಿಢೀರಂತ ನಿಲ್ಲಿಸಬೇಡಿ. ಕೈ ನಡುಗಬಹುದು, ಫಿಟ್ಸ್ ಕೂಡ ಬರಬಹುದು. ಡಾಕ್ಟರ್ ಹೇಳಿದ ಹಾಗೆ ಬಿಡಿ."

ಮರುದಿನವೇ ಅತ್ತಿಗೆ ಜೊತೆ ಆಸ್ಪತ್ರೆಗೆ ಹೋದ. ಡಾಕ್ಟರ ಪ್ರಕಾರವೂ ಕಾರಣ ಕುಡಿತವೇ. ಔಷಧಿ ತೆಗೆದುಕೊಂಡ, ಸಂಜೆಯ ಗೆಳೆಯರನ್ನು ಬಿಟ್ಟ, ಸಿಡಿಮಿಡಿಗುಟ್ಟಿದ, ಆದರೂ ತಡೆದುಕೊಂಡ. ಎರಡು ತಿಂಗಳಾದರೂ ಮೂಗು ಮಾತ್ರ ಮಿಸುಕಲಿಲ್ಲ. ನನಗೇ ಧೈರ್ಯ ಕುಂದಿತ್ತು.

ನಾಲ್ಕನೇ ತಿಂಗಳು. ತೊಳೆದ ಕ್ಯಾನು ಎತ್ತಲು ಬಂದವನು ಯಾರೂ ಹೇಳದಿದ್ದರೂ ಹಳೇ ಅಭ್ಯಾಸದಂತೆ ಮುಚ್ಚಳ ಮೂಸಿದ. ಅಲ್ಲೇ ನಿಂತ. ಇನ್ನೊಮ್ಮೆ ಮೂಸಿದ. ತಂದು ನನ್ನ ಮುಂದೆ ಕುಕ್ಕಿದ.

"ಏನೇ ಇದು? ಸೋಪ್ ಹಾಗೇ ಬಿಟ್ಟಿದೀಯ! ಹಾಲಿಗೆ ಸ್ನಾನ ಮಾಡಿಸ್ತೀಯಾ?"

ಬೈಸಿಕೊಂಡು ಅಷ್ಟು ಖುಷಿಯಾಗಿದ್ದು ನನಗೆ ಅದೇ ಮೊದಲು. ನಗುತ್ತಾ ಅಳುತ್ತಾ ಮುಚ್ಚಳವನ್ನು ಮತ್ತೆ ತೊಳೆದೆ. ಸದ್ದು ಕೇಳಿ ಮ್ಯಾನೇಜರ್ ಹೊರಬಂದರು. ಆಗಷ್ಟೇ ಬಂದಿದ್ದ ಹಾಲಿನ ಆರು ಕ್ಯಾನನ್ನು ಒಂದೊಂದಾಗಿ ಮೂಸಿಸಿದರು. ಹುಳಿ ಹತ್ತಿದ್ದು ಯಾವುದೆಂದು ಅಣ್ಣ ತಡವರಿಸದೆ ಹೇಳಿದ. ಮಾರನೆಯ ದಿನದಿಂದ ಮುಚ್ಚಳದ ಕೆಲಸ ಮತ್ತೆ ಅವನದೇ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಕುಡಿಯುವವರಿದ್ದರೆ ಇವತ್ತೇ ಕಣ್ಣು ಮುಚ್ಚಿಸಿ ಕಾಫಿಪುಡಿ ಡಬ್ಬಿ ಮೂಸಿಸಿ. ಖಾಲಿ ಎಂದರೆ ಜಗಳವಾಡಬೇಡಿ, ಕೈಹಿಡಿದು ಡಾಕ್ಟರ ಬಳಿ ಕರೆದೊಯ್ಯಿರಿ. ನಮ್ಮಣ್ಣ ಒಂದೂವರೆ ವರ್ಷ ನೆಗಡಿ ಎಂದು ಕೂತ. ನೀವು ಕೂರಬೇಡಿ.